ಹಿಂದಿನ ಸಾಲಿನ ಮರಗಳಿಗೆ ರೋಗವಿಲ್ಲ

ನಮ್ಮ ಮನೆಯ ನಡುಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವ ಅಧಿಕಾರ ನನ್ನ ಅತ್ತೆಯದು. ನಾನು ಮದುವೆಯಾಗಿ ಬಂದಾಗಿನಿಂದಲೂ ಹೀಗೇ. ದೇವರ ಪಟಕ್ಕೊಂದು, ಮಾವನವರ ಫೋಟೋಕ್ಕೊಂದು, ಕ್ಯಾಲೆಂಡರಿಗೊಂದು ಮೊಳೆ ಇದೆ. ಇನ್ನೊಂದು ಮೊಳೆ ಇರುವುದು ಬಾಗಿಲಿಂದ ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ. ಅಲ್ಲಿ ಗೊಬ್ಬರದ ಅಂಗಡಿಯವರು ಯಾವಾಗಲೋ ಕೊಟ್ಟ ಪಟವೊಂದು ತೂಗುತ್ತಿತ್ತು. ಹಿಮದ ಬೆಟ್ಟ, ಜಲಪಾತ, ಕೆಳಗೆ ಕತ್ತು ಕತ್ತು ಸೇರಿಸಿಕೊಂಡ ಎರಡು ಹಂಸ. ಬಿಳಿಗೆರೆ ಪಕ್ಕದ ತೆಂಗಿನ ತೋಟದ ಮನೆಯಲ್ಲಿ ಹಿಮದ ಬೆಟ್ಟಕ್ಕೇನು ಕೆಲಸ, ಹೇಳಿ? ಆ ಹಂಸಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೇ ಕೈಯಾರೆ ಬರೆದ ಒಂದು ಚಿತ್ರ ಆ ಮೊಳೆಗೆ ಏರಬೇಕು ಎನ್ನುವುದು ನನ್ನ ಆಸೆ. ಸೀರೆ ಬೇಡ, ಒಡವೆ ಬೇಡ, ಆ ಮೊಳೆ ಒಂದು ಬೇಕಿತ್ತು.

ಚಿತ್ರ ಬರೆಯುವ ಹುಚ್ಚು ಹಿಡಿದದ್ದು ಮಗಳ ಮದುವೆಯಾದ ಮೇಲೆ. ತಿಪಟೂರಿನಲ್ಲಿ ಒಂದು ಪೈಪಿನ ಅಂಗಡಿಯ ಮಹಡಿಯಲ್ಲಿ ಶನಿವಾರ ಮಧ್ಯಾಹ್ನ ಡ್ರಾಯಿಂಗ್ ಕ್ಲಾಸು ನಡೆಯುತ್ತದೆ ಎಂದು ಗೊತ್ತಾಗಿ ಬಸ್ಸು ಹತ್ತಿದೆ. ನಾನು ಹೋಗುವಾಗಲೆಲ್ಲ ನಮ್ಮ ಮನೆಯವರು, ಅಂದರೆ ನನ್ನ ಗಂಡ, ಜಗಲಿಯಲ್ಲಿ ಕೂತು, "ಪರೀಕ್ಷೆ ಯಾವಾಗ್ ಕಣೇ? ಪಾಸಾಗ್ತೀಯಾ?" ಎಂದು ರೇಗಿಸುತ್ತಿದ್ದರು. ನಾನು ವಾಪಸ್ಸು ಬಂದು ಅವರ ಕಾಫಿಗೆ ಸಕ್ಕರೆ ಕಮ್ಮಿ ಹಾಕುತ್ತಿದ್ದೆ.

ಮೇಷ್ಟ್ರು ಚಿಕ್ಕ ವಯಸ್ಸಿನವರು. ನಾನು ಮೊದಲು ಬರೆದ ತೆಂಗಿನ ತೋಟವನ್ನು ನೋಡಿ ಬಹಳ ಹೊತ್ತು ಗಲ್ಲ ಕೆರೆದುಕೊಂಡರು. ಅದರಲ್ಲಿ ಮುಂದಿನ ಮರ, ಹಿಂದಿನ ಮರ, ಮನೆ, ಗುಡ್ಡ ಎಲ್ಲವೂ ಒಂದೇ ಗಾಢ ಬಣ್ಣದಲ್ಲಿ ಒಂದರ ಮೇಲೊಂದು ಅಂಟಿಕೊಂಡು ನಿಂತಿದ್ದವು. "ಮೇಡಂ, ನಿಮ್ಮ ಕಣ್ಣಿಗೂ ಮರಕ್ಕೂ ಮಧ್ಯೆ ಗಾಳಿ ಇರುತ್ತೆ. ಹತ್ತಿರದ ಮರಕ್ಕೆ ಸ್ವಲ್ಪ ಗಾಳಿ ಅಡ್ಡ, ದೂರದ ಮರಕ್ಕೆ ಬಹಳ ಗಾಳಿ ಅಡ್ಡ. ಆ ಗಾಳೀನ ನೀವು ಬರೀಬೇಕು" ಎಂದರು. ಇವರಿಗೆ ಊಟ ಸರಿಯಾಗಿ ಆಗಿಲ್ಲವೇನೋ ಅಂದುಕೊಂಡೆ. ಆಮೇಲೆ ಅವರೇ ಕುಂಚ ತೆಗೆದುಕೊಂಡು ನನ್ನ ಹಸಿರಿಗೆ ಆಕಾಶದ ನೀಲಿ ಒಂದಿಷ್ಟು, ಬಿಳಿ ಒಂದಿಷ್ಟು ಬೆರೆಸಿ ಹಿಂದಿನ ಸಾಲಿನ ಮರಗಳ ಮೇಲೆ ಎಳೆದರು. ನನ್ನ ಕಣ್ಣೆದುರೇ ಮರಗಳು ಹಿಂದಕ್ಕೆ ಸರಿದವು. ಗೋಡೆಯ ಹಾಗಿದ್ದ ಹಾಳೆಯೊಳಗೆ ನಡೆದುಹೋಗಬಹುದು ಅನ್ನಿಸಿತು. ಅವರು ಹೇಳಿದ್ದು ಇಷ್ಟು: ದೂರ ಹೋದಂತೆ ಬಣ್ಣ ತೆಳುವಾಗಬೇಕು, ನೀಲಿಗೆ ತಿರುಗಬೇಕು, ಅಂಚುಗಳು ಕರಗಬೇಕು, ಗರಿ ಗರಿ ಎಣಿಸುವ ಹಾಗೆ ಬರೆಯಲೇಬಾರದು.

ಮಾರನೆಯ ದಿನ ಬೆಳಿಗ್ಗೆ ತೋಟದ ಮೂಲೆಯಲ್ಲಿ, ಕೃಷಿ ಹೊಂಡ ತೋಡಿದ ಮಣ್ಣಿನ ದಿಬ್ಬದ ಮೇಲೆ ನಿಂತು ನೋಡಿದೆ. ಅಯ್ಯೋ ಶಿವನೇ, ಇಷ್ಟು ವರ್ಷ ನಾನು ನೋಡಿದ್ದಾದರೂ ಏನನ್ನು! ನಮ್ಮ ಮರಗಳು ಕಪ್ಪು ಹಸಿರು. ಬೇಲಿಯಾಚೆಯವು ಅದಕ್ಕಿಂತ ತಿಳಿ. ಅದರಾಚೆಯವು ಹಸಿರೋ ನೀಲಿಯೋ ಹೇಳಲಾಗದು. ಕಡೆಗೆ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳು ಇವೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗೆ ಇದ್ದವು. ನನಗೆ ಅಳುವೇ ಬಂತು, ಅಷ್ಟು ಖುಷಿಯಾಯಿತು. ಒಲೆಯ ಮೇಲಿಟ್ಟು ಬಂದಿದ್ದ ಹಾಲು ಉಕ್ಕಿ ಹೋಯಿತು, ಅದು ಬೇರೆ ಮಾತು.

ಬರೆಯಲು ಕೂತೆ. ಹಂಚಿನ ನಮ್ಮ ಹಳೇ ಮನೆ, ಅದಕ್ಕೆ ಅಂಟಿಸಿ ಕಟ್ಟಿದ ತಾರಸಿಯ ಕೋಣೆಗಳು, ಪಂಪ್ ಮನೆ, ನಮ್ಮ ಮರಗಳು, ಇವೆಲ್ಲ ಮುಂದೆ. ಇವಕ್ಕೆ ಬಿಸಿಲು, ನೆರಳು, ಹೊಂಬಾಳೆ, ಗೊನೆ, ಒಂದನ್ನೂ ಬಿಡದೆ ಬರೆದೆ. ಬೇಲಿಯಿಂದಾಚೆಗೆ ಪಕ್ಕದ ತೋಟ, ಅದರ ನಡುವೆ ತಗಡಿನ ಸೂರಿನ ಕೊಬ್ಬರಿ ಗೋದಾಮು, ಇನ್ನೂ ಆಚೆಗೆ ಊರಿನ ನೀರಿನ ಟ್ಯಾಂಕು, ಆಮೇಲೆ ಗುಡ್ಡ. ಇವಕ್ಕೆಲ್ಲ ಮೇಷ್ಟ್ರು ಹೇಳಿದ ಹಾಗೆ ಆಕಾಶ ಬೆರೆಸುತ್ತಾ ಹೋದೆ. ಮುಗಿದಾಗ ಜಗಲಿಯ ಮೇಲೆ ಗೋಡೆಗೆ ಒರಗಿಸಿಟ್ಟು, ದೂರ ಹೋಗಿ ನಿಂತು, ಸೆರಗಿನಿಂದ ಬೆವರು ಒರೆಸಿಕೊಂಡು ನೋಡಿದೆ. ಚೆನ್ನಾಗಿ ಬಂದಿತ್ತು. ನನ್ನನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಇನ್ನೊಬ್ಬರು ಹೊಗಳುವವರೆಗೆ ಕಾಯುವಷ್ಟು ತಾಳ್ಮೆಯೂ ನನಗಿಲ್ಲ.

ಮೊದಲು ನೋಡಿದವರು ಮನೆಯವರು. ಬಗ್ಗಿ, ಹತ್ತಿರದಿಂದ, ಮರಕ್ಕೆ ಹುಳು ಬಿದ್ದಿದೆಯೇ ಎಂದು ನೋಡುವ ಹಾಗೆ ನೋಡಿದರು.

"ಹಿಂದಿನ ಸಾಲಿಗೆ ಬೋರಾನ್ ಕಮ್ಮಿಯಾಗೈತೆ ಕಣೇ."

"ಏನಂದ್ರಿ?"

"ಸುಳಿ ಬಿಳಚಿಕೊಂಡೈತೆ ನೋಡು. ಬೇವಿನ ಹಿಂಡಿ ಕೊಟ್ಟು, ಒಂದು ನೀರು ಜಾಸ್ತಿ ಬುಟ್ರೆ ಸರಿ ಹೋಯ್ತದೆ."

ಅವರು ತಮಾಷೆಗೆ ಹೇಳಿದ್ದಲ್ಲ, ಅದೇ ಕಷ್ಟ! ತೆಂಗಿನವರಿಗೆ ಮರ ಎಂದರೆ ನೋಡುವ ವಸ್ತುವಲ್ಲ, ಪರೀಕ್ಷೆ ಮಾಡುವ ರೋಗಿ. ಬಸ್ಸಿನ ಕಿಟಕಿಯಿಂದಲೂ ಗರಿಯ ಬಣ್ಣ ನೋಡಿ, ಇದಕ್ಕೆ ಉಪ್ಪು ಹಾಕಿಲ್ಲ, ಇದಕ್ಕೆ ನುಸಿ ತಗುಲಿದೆ ಎಂದು ಹೇಳುವ ಜನ ನಾವು. ತಿಳಿ ಬಣ್ಣದ ಮರ ಅಂದರೆ ನಮ್ಮಲ್ಲಿ ದೂರದ ಮರವಲ್ಲ, ಕಾಯಿಲೆ ಬಿದ್ದ ಮರ. ಗಾಳಿ, ದೂರ, ಆಕಾಶ ಎಂದು ನಾನು ಎಷ್ಟು ಬಾಯಿ ಬಡಿದುಕೊಂಡರೂ ಮನೆಯವರು, "ಅದೆಲ್ಲ ಇರ್ಲಿ, ಒಂಚೂರು ಹಸ್ರು ಹಾಕಿದ್ರೆ ನಿಂಗೇನು ನಷ್ಟ?" ಎಂದರು.

ಇದಕ್ಕಿಂತ ದೊಡ್ಡ ರಾದ್ಧಾಂತ ಕಾದಿತ್ತು. ಪಕ್ಕದ ತೋಟದ ಯಜಮಾನರು ಗುದ್ದಲಿ ಕೇಳಲು ಬಂದವರು ಜಗಲಿಯ ಮೇಲಿದ್ದ ಚಿತ್ರ ನೋಡಿ ಅಲ್ಲೇ ನಿಂತರು. ನಿಂತವರು ಬೇಲಿ ಹುಡುಕಿದರು. ಬೇಲಿ ಸಿಕ್ಕಿತು. ಅದರ ಈಚೆಗೆ ನಮ್ಮ ಮರಗಳು ಹಚ್ಚಹಸಿರು, ಆಚೆಗೆ ಅವರ ಮರಗಳು ತಿಳಿ.

"ಇದೇನಮ್ಮ ಇದು? ಬೇಲಿ ದಾಟಿದ ಕೂಡ್ಲೇ ಸೊರಗಿ ಹೋದ್ವಾ ಮರ?"

"ಅದು ದೂರ ಅಲ್ವೇ, ಅದಕ್ಕೆ ಹಾಗೆ ಬರೆದಿದ್ದೀನಿ."

"ಯಾವ್ ದೂರ? ಇಲ್ಲಿಂದ ಕೂಗಿದ್ರೆ ನಮ್ ನಾಯಿ ಓಡಿ ಬತ್ತದೆ! ನಿಮ್ ಮರಕ್ಕೆ ಗೊನೆ ಗೊನೆ ಬರ್ದಿದ್ದೀಯ, ನಮ್ ಮರಕ್ಕೆ ಒಂದು ಹೀಚೂ ಇಲ್ಲ. ನಾಳೆ ಚೇಣಿಯವ್ರು ಬಂದು ಇದನ್ನ ನೋಡಿದ್ರೆ ನನ್ ತೋಟ ಯಾರ್ ತಗಂತಾರಮ್ಮ? ಗೋದಾಮಿನ ತಗಡು ಹೊಸಾದು, ಅದನ್ನೂ ಮಾಸಿ ಹಾಕಿದ್ದೀಯ."

ಚೇಣಿಯವರು ಎಂದರೆ ಮರದಲ್ಲಿರುವಾಗಲೇ ಫಸಲನ್ನು ಗುತ್ತಿಗೆ ಹಿಡಿಯುವವರು. ಅವರು ನನ್ನ ಚಿತ್ರ ನೋಡಿ ವ್ಯಾಪಾರ ಮಾಡುತ್ತಾರಂತೆ! ನನಗೂ ಸಿಟ್ಟು ನೆತ್ತಿಗೇರಿತು. "ಗುಡ್ಡಾನೂ ತಿಳಿಯಾಗೇ ಬರೆದಿದ್ದೀನಿ. ಗುಡ್ಡ ಬಂದು ಜಗಳ ಆಡ್ತಾ ಇದೆಯಾ?" ಎಂದೆ. ಅವರು ಗುದ್ದಲಿ ತೆಗೆದುಕೊಳ್ಳದೆ ಹೋದರು. ಆಮೇಲೆ ಊರಿನಲ್ಲಿ ಯಾರು ಸಿಕ್ಕಿದರೂ, ಪಕ್ಕದ ತೋಟಕ್ಕೆ ಕಣ್ಣು ಹಾಕಿದ್ದೀಯಂತಲ್ಲ ಎಂದು ಕೇಳುವವರೇ.

ಕೊನೆಗೆ ತೀರ್ಪು ಅತ್ತೆಯ ಮುಂದೆ ಹೋಯಿತು. ಹೋಗಲೇಬೇಕಿತ್ತು, ಮೊಳೆ ಅವರದು. ನನ್ನ ಅತ್ತೆಯ ಮಾತೆಂದರೆ ತೋಟದಲ್ಲಿಯೂ ಅಟ್ಟದಲ್ಲಿಯೂ ಅದೇ ಕಡೆಯ ಮಾತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟ ತೆಂಗಿನಕಾಯಿ ಒಳಗೊಳಗೇ ಒಣಗಿ ಕೊಬ್ಬರಿಯಾದಾಗ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಿಟುಕು, ಅಂದರೆ ಒಣಗಿದ ಕೊಬ್ಬರಿ ಉಂಡೆ, ಚಿಪ್ಪಿನೊಳಗೆ ಗುಡುಗುಡು ಎಂದರೆ ಸುಲಿಯಬಹುದು. ಎಲ್ಲರೂ ಹೀಗೆ ನೋಡುವವರೇ, ಆದರೆ ಅತ್ತೆಯ ಕಿವಿ ತಪ್ಪಿದ್ದನ್ನು ನಾನು ಕಂಡಿಲ್ಲ. ಅಂಥವರು ಜಗಲಿಯ ಕಂಬ ಹಿಡಿದುಕೊಂಡು ಬಂದು ಚಿತ್ರದ ಮುಂದೆ ಕೂತರು. ಮನೆಯವರು ಒಂದು ಕಡೆ, ರಾಜಿಗೆ ಒಪ್ಪಿ ಬಂದಿದ್ದ ಪಕ್ಕದ ತೋಟದವರು ಒಂದು ಕಡೆ.

ಅತ್ತೆ ಮೂಗು ತಾಗುವಷ್ಟು ಹತ್ತಿರ ಹೋದರು. ಹಿಂದೆ ಸರಿದರು. ಮತ್ತೆ ಹತ್ತಿರ ಹೋದರು.

"ಸರಿಯಾಗೈತೆ," ಎಂದರು. "ಹಿಂಗೇ ಕಾಣೋದು. ದೂರದ್ದು ಹಿಂಗೇ ಮಬ್ಬಾಗಿ ಕಾಣೋದು."

"ಏನವ್ವ, ನಮ್ ತೋಟ ಹಿಂಗಾ ಕಾಣೋದು?" ಎಂದು ಪಕ್ಕದವರು ಬಾಯಿಬಿಟ್ಟರು.

"ಹಿಂಗೇ ಕಣ್ಲಾ ಕಾಣೋದು! ಸುಮ್ನಿರು. ಏ, ಆ ಹಂಸದ ಪಟ ತೆಗ್ದು ಇದನ್ನ ಹಾಕು."

ನನಗೆ ಕುಣಿಯುವಂತಾಯಿತು. ಹಂಸಗಳನ್ನು ಅಟ್ಟಕ್ಕೆ ಸಾಗಹಾಕಿ, ಚಿತ್ರವನ್ನು ಮೊಳೆಗೆ ಏರಿಸಿ, ಆವತ್ತು ಗಸಗಸೆ ಪಾಯಸ ಮಾಡಿದೆ. ಅತ್ತೆಗೆ ಎರಡು ಲೋಟ, ಮನೆಯವರಿಗೆ ಅರ್ಧ ಲೋಟ. ಓದು ಬರಹ ಇಲ್ಲದ ಹೆಂಗಸು, ಕ್ಲಾಸಿನ ಮುಖ ನೋಡಿದವರಲ್ಲ, ಎಷ್ಟು ಸೂಕ್ಷ್ಮ ದೃಷ್ಟಿ ಎಂದು ಶನಿವಾರ ಮೇಷ್ಟ್ರ ಮುಂದೆಯೂ ಕೊಚ್ಚಿಕೊಂಡೆ. ಮೇಷ್ಟ್ರು, "ಅಂಥವರಿಗೇ ನಿಜವಾದ ಕಣ್ಣಿರೋದು ಮೇಡಂ" ಎಂದರು.

ಆ ಕಣ್ಣಿನ ವಿಷಯ ಹೊರಬಿದ್ದದ್ದು ಮುಂದಿನ ವಾರವೇ. ಮನೆಯವರ ಅಂಗಿಯನ್ನು ಒಗೆದು ಹಿತ್ತಲ ಬಾಗಿಲ ಗೂಟಕ್ಕೆ ನೇತುಹಾಕಿದ್ದೆ. ಅತ್ತೆ ಅದರ ಮುಂದೆ ನಿಂತು, "ಊಟ ಆಯ್ತೇನ್ಲಾ?" ಎಂದರು. ಅಂಗಿ ಮಾತಾಡಲಿಲ್ಲ. "ಕೇಳಿದ್ರೆ ಬಾಯಿ ಬುಡಕ್ಕೇನ್ಲಾ ದೊಡ್ರೋಗ?" ಎಂದು ಗದರಿದರು. ನಾನು ಅಡುಗೆಮನೆಯಲ್ಲಿ ಮೊದಲು ಕಿಸಕ್ಕನೆ ನಕ್ಕೆ. ಆಮೇಲೆ ನಗು ನಿಂತುಹೋಯಿತು. ಹೊರಗೆ ಬಂದು, ಅವರ ಮುಖದ ಮುಂದೆ ಸದ್ದಿಲ್ಲದೆ ಕೈ ಆಡಿಸಿದೆ. ಅವರು ಅಂಗಿಯ ಉತ್ತರಕ್ಕೇ ಕಾಯುತ್ತಿದ್ದರು.

ತಿಪಟೂರಿನ ಕಣ್ಣಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಚೆನ್ನಾಗಿ ಬಲಿತಿದೆ, ಬಹಳ ದಿನದಿಂದ ಇರಬೇಕು ಎಂದರು. ಒಂದೇ ಮನೆಯಲ್ಲಿದ್ದೂ ನಮಗೆ ಗೊತ್ತಾಗಲಿಲ್ಲವಲ್ಲ ಎಂದು ಮನೆಯವರು ಮಂಕಾದರು. ಗೊತ್ತಾಗುವುದಾದರೂ ಹೇಗೆ? ಕೊಬ್ಬರಿಯನ್ನು ಕಿವಿಯಿಂದ ನೋಡುತ್ತಾರೆ, ಸಿಪ್ಪೆಯನ್ನು ಕೈಯಿಂದ ನೋಡುತ್ತಾರೆ, ನನ್ನ ತಪ್ಪುಗಳನ್ನು ಅಂದಾಜಿನಿಂದಲೇ ಹಿಡಿಯುತ್ತಾರೆ. ಅತ್ತೆ ಮಾತ್ರ, "ನಂಗೇನಾಗೈತೆ? ಎಲ್ಲ ಕಾಣ್ತೈತೆ. ಆಪ್ರೇಶನ್ನೂ ಬ್ಯಾಡ ಗೀಪ್ರೇಶನ್ನೂ ಬ್ಯಾಡ" ಎಂದು ಹಟ ಹಿಡಿದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೆ ಇನ್ನೊಂದು ಹೊಳೆಯಿತು. ಊರಿಗೆಲ್ಲ ನನ್ನ ಚಿತ್ರವನ್ನು ಮೆಚ್ಚಿದವರು ಒಬ್ಬರೇ. ಆ ಒಬ್ಬರಿಗೆ ಕಣ್ಣು ಕಾಣುತ್ತಿರಲಿಲ್ಲ! ಮನೆಯವರಿಗೂ ಅದೇ ಹೊತ್ತಿಗೆ ಹೊಳೆದಿರಬೇಕು. ಮುಂದಿನ ಸೀಟಿನಿಂದ ತಿರುಗಿ, "ಆಪರೇಷನ್ ಮಾಡ್ಸಿದ್ರೆ ನಿನ್ ಚಿತ್ರದ ಗತಿ ಏನ್ ಕಣೇ?" ಎಂದರು. ಪಕ್ಕದಲ್ಲಿ ಅತ್ತೆ ಕೂತಿದ್ದರು, ಇಲ್ಲದಿದ್ದರೆ ಮನೆಯವರಿಗೆ ಅಲ್ಲೇ ಗ್ರಹಚಾರ ಬಿಡಿಸುತ್ತಿದ್ದೆ. ಚಿತ್ರ ಮೊಳೆಯಿಂದ ಇಳಿಯುವುದು ಖಂಡಿತ ಎಂದುಕೊಂಡೆ. ಇಳಿದರೆ ಇಳಿಯಲಿ, ಹಾಳಾಗಿ ಹೋಗಲಿ ಎಂದು ನಾನೇ ಹಿಂದೆ ಬಿದ್ದು, ಗೋಗರೆದು, ಕೊನೆಗೆ ಜಗಳವಾಡಿ ಅತ್ತೆಯನ್ನು ಆಪರೇಷನ್ನಿಗೆ ಒಪ್ಪಿಸಿದೆ.

ಒಂದು ಕಣ್ಣಾಯಿತು, ಕೆಲವು ವಾರ ಬಿಟ್ಟು ಇನ್ನೊಂದೂ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತ ಅತ್ತೆಗೆ ಹೊತ್ತು ಹೊತ್ತಿಗೆ ಔಷಧಿ ಹಾಕಿದೆ. ಡಾಕ್ಟರು ಕನ್ನಡಕ ತೆಗೆಯಬಹುದು ಎಂದ ದಿನದಿಂದ ನನ್ನ ಕಷ್ಟಗಳು ಶುರುವಾದವು. ತೊಲೆಯ ಮೇಲಿನ ಬಲೆ ಕಂಡಿತು. ತಟ್ಟೆಯ ಅಂಚಿನ ಜಿಡ್ಡು ಕಂಡಿತು. ನನ್ನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿಕೊಂಡು, "ಅಯ್ಯೋ ನನ್ನವ್ವ, ಯಾವಾಗ್ ಹಿಂಗೆ ತಲೆ ನರೀತೇ?" ಎಂದರು. ನಡುಮನೆಗೆ ಅವರು ಹೋದಾಗಲೆಲ್ಲ ನಾನು ಏನಾದರೂ ನೆಪ ತೆಗೆದು ಹೊರಗೆ ಕರೆಯುತ್ತಿದ್ದೆ.

ಎಷ್ಟು ದಿನ ಕರೆಯಲಿ? ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಇಣುಕಿದರೆ ಅತ್ತೆ ಚಿತ್ರದ ಮುಂದೆ ನಿಂತಿದ್ದರು. ಬಹಳ ಹೊತ್ತಾದ ಮೇಲೆ ಹೊರಗೆ ಹೋದರು. ಹೊಂಡದ ದಿಬ್ಬ ಹತ್ತಿ, ಹಣೆಗೆ ಕೈ ಅಡ್ಡ ಇಟ್ಟು, ಬೇಲಿ ಕಡೆ ನೋಡಿದರು. ವಾಪಸ್ಸು ಬಂದು ಮತ್ತೆ ಚಿತ್ರ ನೋಡಿದರು. ನಾನು ಹಿಟ್ಟಿನ ಕೈಯಲ್ಲೇ ಹೋಗಿ ಚಿತ್ರಕ್ಕೆ ಕೈ ಹಾಕಿದೆ. ಬೈಸಿಕೊಂಡು ಇಳಿಸುವುದಕ್ಕಿಂತ ನಾನೇ ಇಳಿಸುವುದು ಮೇಲು ಅನ್ನಿಸಿತ್ತು.

"ಇರು," ಎಂದರು ಅತ್ತೆ. "ಇದನ್ನ ನೋಡ್ಕಂಡ್ ಬರ್ದೆಯೋ, ಅಂದಾಜಲ್ಲಿ ಬರ್ದೆಯೋ?"

"ನೋಡ್ಕೊಂಡೇ ಬರೆದೆ ಅತ್ತೆ. ಆ ದಿಬ್ಬದ ಮೇಲೇ ಕೂತಿದ್ದೆ."

"ನಿಂಗೆ ಹಿಂಗೇ ಕಾಣ್ತೈತಾ?"

"ಹ್ಞೂಂ. ದೂರದ್ದು ಹೀಗೇ ಅಲ್ವಾ ಕಾಣೋದು?"

ಅತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರ ಮುಖ ನೋಡಿದರೆ ಸಿಟ್ಟಿರಲಿಲ್ಲ, ಭಯವಿತ್ತು.

"ಎಷ್ಟ್ ದಿನದಿಂದ ಕಣೇ? ಯಾಕೆ ಬಾಯಿ ಬುಡ್ಲಿಲ್ಲ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಗಾಳಿಯ ಪಾಠ ಶುರು ಮಾಡಿದೆ. ಅತ್ತೆ, ಹಾಗಲ್ಲ, ಕಣ್ಣಿಗೂ ಮರಕ್ಕೂ ಮಧ್ಯೆ ಗಾಳಿ ಇದೆ, ಧೂಳಿದೆ, ಅದಕ್ಕೇ ದೂರದ್ದು ತೆಳ್ಳಗೆ, ಎಂದೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು ನನ್ನ ಹಿಟ್ಟಿನ ಕೈಯನ್ನು ಹಿಡಿದುಕೊಂಡರು.

"ನಾನೂ ಹಂಗೇ ಅಂದ್ಕಂಡೆ ಕಣೇ. ಮೊದ್ಲು ಗುಡ್ಡ ಹೋಯ್ತು, ಮಂಜು ಅಂದ್ಕಂಡೆ. ಆಮೇಲೆ ಟ್ಯಾಂಕ್ ಹೋಯ್ತು, ಧೂಳು ಅಂದ್ಕಂಡೆ. ಬೇಲಿ ಹೋದಾಗ ಯಾರೋ ಸೋಗೆ ಸುಡ್ತಾವ್ರೆ, ಹೊಗೆ ಅಂದ್ಕಂಡೆ. ಕಣ್ ಹೋಯ್ತಾ ಐತೆ ಅನ್ನಾಕೆ ಧೈರ್ಯ ಬರ್ಲಿಲ್ಲ. ನಿನ್ ಚಿತ್ರ ನೋಡಿದಾಗ ಎಷ್ಟ್ ಸಮಾಧಾನ ಆಯ್ತು ಗೊತ್ತಾ? ಸದ್ಯ, ನಂಗೊಬ್ಳಿಗೇ ಅಲ್ಲ, ಎಲ್ರಿಗೂ ಹಿಂಗೇ ಕಾಣ್ತೈತೆ ಅಂತ. ಈಗ ನೋಡಿದ್ರೆ ಒಂದೊಂದು ಗರಿನೂ ಎಣಿಸ್ಬೋದು. ನೀನು ಗಾಳಿ ಗೀಳಿ ಅನ್ಬ್ಯಾಡ. ನಂಗೆ ಹೆದ್ರಿಕೆ ಆಯ್ತೈತೆ."

ಈ ಮನೆಯಲ್ಲಿ ಇಷ್ಟು ವರ್ಷದಲ್ಲಿ ಅತ್ತೆ ಯಾವುದಕ್ಕಾದರೂ ಹೆದರಿದೆ ಎಂದು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅದೂ ನನ್ನ ವಿಷಯಕ್ಕೆ.

ಮಾರನೆಯ ದಿನವೇ ಹೊರಡಬೇಕೆಂದು ಅಪ್ಪಣೆಯಾಯಿತು. ಚಿತ್ರವನ್ನು ಮೊಳೆಯಿಂದ ಇಳಿಸಿ, ಟವೆಲಿನಲ್ಲಿ ಸುತ್ತಿ, ಎಕ್ಸ್‌ರೇ ಹಿಡಿದುಕೊಂಡ ಹಾಗೆ ಕಂಕುಳಲ್ಲಿ ಇಟ್ಟುಕೊಂಡರು. "ಡಾಕ್ಟ್ರು ನೋಡ್ಲಿ. ಬಾಯಲ್ಲಿ ಹೇಳಿದ್ರೆ ಗೊತ್ತಾಗಾಕಿಲ್ಲ. ಕಣ್ ಸರಿ ಹೋದ್ಮೇಲೆ ಇನ್ನೊಂದು ಬರಿ, ಇದ್ರ ಪಕ್ಕದಾಗೇ ಹಾಕಣ. ಇನ್ನೊಂದು ಮೊಳೆ ಹೊಡಿಸ್ತೀನಿ" ಎಂದರು. ಮನೆಯವರು ಕಂಬದ ಹಿಂದೆ ನಿಂತು ಬಾಯಿಗೆ ಟವೆಲು ತುರುಕಿಕೊಂಡು ನಗುತ್ತಿದ್ದರು. ನಾನು ಅವರನ್ನು ನೋಡಿಯೂ ನೋಡದ ಹಾಗೆ ನಡೆದೆ.

ಬಸ್ ಸ್ಟಾಪಿನಲ್ಲಿ ಪಕ್ಕದ ತೋಟದವರು ಇದ್ದರು. ಎತ್ತ ಹೊರಟಿರಿ ಎಂದು ಕೇಳಿದರು.

"ಆಸ್ಪತ್ರೆಗೆ ಕಣಪ್ಪ. ನಮ್ ಹುಡ್ಗಿಗೆ ದೂರದ್ದು ಕಾಣಾಕಿಲ್ಲ. ಪೊರೆ ಬಂದೈತೇನೋ," ಎಂದರು ಅತ್ತೆ, ಸ್ಟಾಪಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ.

ಪಕ್ಕದ ತೋಟದವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ಅದಕ್ಕೇ ಮತ್ತೆ! ಅಂಗಾದ್ರೆ ನಮ್ ಮರಕ್ಕೇನೂ ಆಗಿಲ್ಲ! ನಾನೂ ನೋಡ್ತಾನೇ ಇದ್ದೆ, ಇಂಥಾ ತೋಟಾನ ಹಂಗೆ ಬರ್ದವಳಲ್ಲ, ಏನೋ ಐತೆ ಅಂತ. ಹೌದೇನಮ್ಮ, ಕಾಣಲ್ವಾ?"

ನನ್ನ ನಾಲಿಗೆಯ ತುದಿಗೆ ಏನೇನು ಬಂತು ಎಂದು ಬರೆದರೆ ಈ ಪುಟ ಸುಟ್ಟುಹೋದೀತು. ನಾನು ಕಲಿತದ್ದೆಲ್ಲ, ನಾನು ಸರಿ ಎಂದು ಊರಿಗೇ ಎದುರು ನಿಂತದ್ದೆಲ್ಲ ಅಲ್ಲಿತ್ತು. ಆದರೆ ಅತ್ತೆ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದರು.

"ಹೌದು, ಒಂಚೂರು ಮಬ್ಬು," ಎಂದೆ.

ಬಸ್ಸು ಬಂತು. ಅತ್ತೆ ಮೊದಲು ಹತ್ತಿ, ಚಿತ್ರವನ್ನು ಎದೆಗೆ ಅವಚಿಕೊಂಡು, ಬಗ್ಗಿ ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದರು.

"ಮೆಟ್ಲು ಎತ್ತರ ಐತೆ ಕಣವ್ವ. ನಿಧಾನಕ್ಕೆ ಹತ್ತು, ನಾನ್ ಹಿಡ್ಕಂಡಿದ್ದೀನಿ."

ನಾನು ಅವರ ಕೈ ಹಿಡಿದುಕೊಂಡು ನಿಧಾನವಾಗಿ ಹತ್ತಿದೆ.